ಎಡಗಡೆಯ ಹಾರ್ನ್

ನಾಟಕ ಕಂಪನಿಯ ನಾಯಕಿ ವೆಂಕಟರತ್ನಮ್ಮನಿಗೆ ತನ್ನ ಗಂಟಲಿನ ಮೇಲಿದ್ದ ಹೆಮ್ಮೆ ಸಣ್ಣದಲ್ಲ. ಅವಳು ಮುಳಬಾಗಿಲಿನಲ್ಲಿ ಪದ ಎತ್ತಿದರೆ ನಂಗಲಿಯಲ್ಲಿ ಗಾಡಿಗಳು ನಿಲ್ಲುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವಳ ಮುಂದೆ ಕೋಲಾರದ ಮೈಕ್‌ಸೆಟ್ ಕದಿರೇಶ ಆಯುಧಪೂಜೆಯ ದಿನ ಎರಡು ದೊಡ್ಡ ಹಾರ್ನ್ ತಂದಿಟ್ಟರೆ ಸುಮ್ಮನಿರುತ್ತಾಳೆಯೇ?

"ಈ ತಗಡಿನ ತುತ್ತೂರಿ ನನ್ನ ಪದ ಹಾಡುತ್ತೇನ್ರೀ?"

"ಹಾಡೋದು ನೀವೇ ರತ್ನಮ್ಮನೋರೇ. ಇದು ಊರಿಗೆಲ್ಲಾ ಹಂಚುತ್ತೆ, ಅಷ್ಟೇ."

ಅವನ ಕಣ್ಣಲ್ಲಿ ತುಂಟ ನಗು. ಕಂಪನಿ ಯಜಮಾನ ಗಂಗುಲಪ್ಪ, ಪೂಜೆಗೆ ಅಕ್ಷತೆ ಹಾಕಮ್ಮ ಎಂದದ್ದೇ ತಡ, ರತ್ನಮ್ಮ ಆ ನಗುವಿನ ಮೇಲಿನ ಸಿಟ್ಟಿಗೆ ಹಿಡಿ ಅಕ್ಷತೆಯನ್ನು ಎಡಗಡೆಯ ಹಾರ್ನಿನ ಬಾಯಿಗೇ ಎರಚಿ, ಜಡೆ ಬೀಸಿಕೊಂಡು ಹೊರಟುಹೋದಳು.

ಮಾಲೂರಿನ ಆಟದಲ್ಲಿ ಮಾನ ಹೋಯಿತು. ಅವಳು ದನಿ ಏರಿಸಿದಾಗಲೆಲ್ಲ ಗರಗರ ಸದ್ದು. ಜನ ಹಾರ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ರತ್ನಮ್ಮನ ಗಂಟಲು ಒಡೀತು ಕಣೋ!"

ಮರುದಿನ ಪೆಟ್ರೋಲ್ ಬದಲು ಇದ್ದಿಲಿನಿಂದ ಓಡುವ ಬಸ್ಸು ಕೆಮ್ಮುತ್ತ ಶ್ರೀನಿವಾಸಪುರ ತಲುಪುವಷ್ಟರಲ್ಲಿ ಗಂಗುಲಪ್ಪನ ತೀರ್ಮಾನವೂ ಆಗಿತ್ತು. "ಇವತ್ತು ನಿನ್ನ ಬದಲು ಸಖಿ ಪಾತ್ರದ ಆಂಜಿನಮ್ಮ ಹಾಡ್ಲಿ. ನೀನು ಸುಧಾರಿಸ್ಕೋ."

ರತ್ನಮ್ಮ ಅಳುವವಳಲ್ಲ. ಸೆರಗು ಬಿಗಿದು, ಕದಿರೇಶ ಹಾರ್ನ್ ಕಟ್ಟುತ್ತಿದ್ದ ಮಾವಿನ ಮರದಡಿಗೆ ನಡೆದಳು.

"ನಿಮ್ಮ ತಗಡು ನನ್ನ ಹೊಟ್ಟೆ ಮೇಲೆ ಹೊಡೀತಲ್ರೀ!"

ಈ ಸಲ ಅವನು ನಗಲಿಲ್ಲ. "ಊರೆಲ್ಲಾ ತಪ್ಪು ನಿಮ್ಮ ಗಂಟಲಿಂದು ಅಂತು. ನಾನು ಅನ್ನಲ್ಲ. ಒಂದ್ಸಲ ಹಾಡಿ, ಎಲ್ಲಾರೂ ಕೇಳ್ಲಿ."

ಕಂಪನಿಯವರೆಲ್ಲ ಸೇರಿದರು. ಅವಳು ಹಾಡಿದಳು. ಬಲಗಡೆಯ ಹಾರ್ನ್ ಸ್ವಚ್ಛವಾಗಿತ್ತು, ಎಡಗಡೆಯದು ಗರಗರ. ಅವನು ಇದರ ವೈರು ಅದಕ್ಕೆ, ಅದರ ವೈರು ಇದಕ್ಕೆ ಬದಲಿಸಿ ಮತ್ತೆ ಹಾಡಿಸಿದ. ಗರಗರ ಎಡಗಡೆ ಬಿಟ್ಟು ಕದಲಲಿಲ್ಲ.

"ಯಜಮಾನ್ರೇ, ಗಂಟಲು ಒಡೆದಿದ್ರೆ ಎರಡರಲ್ಲೂ ಕೇಳ್ಬೇಕಿತ್ತು. ತಪ್ಪು ಈ ಹಾರ್ನಿಂದು. ಅಂದ್ರೆ ನಂದು."

ತನ್ನ ಮೈಕ್‌ಸೆಟ್ಟಿನ ಹೆಸರು ತಾನೇ ಕೆಡಿಸಿಕೊಂಡರೆ ನಾಳೆ ಯಾರು ಮದುವೆಗೆ ಕರೆದಾರು? ಗೊತ್ತಿದ್ದೂ ಹಾಗೆಂದ ಆ ಗಂಡಸನ್ನು ರತ್ನಮ್ಮ ಮೊದಲ ಸಲ ಕಣ್ತುಂಬ ನೋಡಿದಳು.

ಅವನು ಟವೆಲ್ ಹಾಸಿ ಹಾರ್ನಿನ ಹಿಂಬದಿ ಬಿಚ್ಚಿದ. ದನಿಗೆ ನಡುಗುವ ತೆಳು ತಗಡಿನ ಮೇಲಿಂದ ಹಳದಿ ಅಕ್ಕಿಕಾಳು ಉದುರಿದವು. ಅವನ ನೋಟ ಕಾಳಿನಿಂದ ಎದ್ದು ಅವಳ ಮುಖಕ್ಕೆ ಬಂತು, ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಸರಕ್ಕನೆ ಟವೆಲ್ ಮಡಿಸಿಬಿಟ್ಟ.

"ಏನಯ್ಯಾ ಅದು?" ಗಂಗುಲಪ್ಪ ಕೇಳಿದ.

"ಏನೋ ಕಸ. ನಾನು ನೋಡ್ಕೋಬೇಕಿತ್ತು."

ರತ್ನಮ್ಮ ಮುಂದೆ ನುಗ್ಗಿದಳು. ತನ್ನ ತಪ್ಪಿನ ಮಸಿಯನ್ನು ಇವನು ಮುಖಕ್ಕೆ ಬಳಿದುಕೊಳ್ಳುವುದೇ? ಟವೆಲ್ ಕಿತ್ತು ಬಿಚ್ಚಿದಳು.

"ಕಸ ಅಲ್ಲ, ಅಕ್ಷತೆ. ಎರಚಿದವಳು ನಾನು. ಇವರ ಸೆಟ್ಟಿಗೆ ಯಾರಾದ್ರೂ ಹೆಸರಿಟ್ರೆ ನಾನು ಸುಮ್ಕಿರಲ್ಲ!"

ಗಂಗುಲಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಇಷ್ಟು ಗಟ್ಟಿ ಗಂಟಲಿದ್ರೆ ಇವತ್ತೂ ನೀನೇ ಹಾಡು ಕಣಮ್ಮ."

ಜನ ಚದುರಿದ ಮೇಲೆ ಇಬ್ಬರೇ ಉಳಿದರು.

"ಯಾಕೆ ಮುಚ್ಚಿಟ್ರಿ?"

"ನಿಮ್ಮ ಮೇಲೆ ಒಂದು ಮಾತು ಬಂದ್ರೂ ನಂಗೆ ತಡೆಯಲ್ಲ." ಅವನು ಸ್ಕ್ರೂ ಬಿಗಿಯುತ್ತಲೇ ಮೆಲ್ಲಗೆ ಸೇರಿಸಿದ, "ಅಕ್ಷತೆ ಹಾಕೋದು ಹಾರ್ನಿಗಲ್ಲ."

"ಮತ್ತೆ ಯಾರಿಗೆ?"

ಕದಿರೇಶ ಟೋಪಿ ತೆಗೆದು ತಲೆ ಬಾಗಿಸಿದ. ಟವೆಲ್ಲಿನ ಕಾಳನ್ನು ಅವಳು ಅವನ ತಲೆಗೆ ಹಾಕಿದಳು. ಉಳಿದದ್ದನ್ನು ಅವನ ಅಂಗೈಗೆ ಸುರಿದು, ಯಾರಿಗೂ ಬಾಗದ ತನ್ನ ತಲೆ ಬಾಗಿಸಿದಳು.

"ನಂಗೂ ಹಾಕ್ರೀ."

ಸಂಜೆ ಆಟಕ್ಕೆ ಮೊದಲು ಮೈಕ್ ಹಿಡಿದವನು ಕದಿರೇಶನೇ. ಪರದೆಯ ಹಿಂದೆ ಗೆಜ್ಜೆ ಕಟ್ಟುತ್ತಿದ್ದ ರತ್ನಮ್ಮನ ಕೈ ಅವನ ದನಿ ಕೇಳಿ ನಿಂತಿತು.

"ಮಹಾಜನಗಳೇ, ಈಗ ಹಾಡೋರು ವೆಂಕಟರತ್ನಮ್ಮನೋರು. ನಮ್ಮ ಮನೆ ತುಂಬೋಕೆ ಒಪ್ಪಿದೋರು."

ಎರಡು ಹಾರ್ನೂ ಆ ಮಾತನ್ನು ಇಡೀ ಶ್ರೀನಿವಾಸಪುರಕ್ಕೆ ಹೇಳಿದವು. ಎಡಗಡೆಯದೂ ಒಂದಿಷ್ಟೂ ಗರಗರ ಎನ್ನಲಿಲ್ಲ.