ಕೊಳದಲ್ಲಿ ಕಂಡ ದೀಪ

"ಜಡ್ಜಮ್ಮ, ಮಧ್ಯಾಹ್ನದೊಳಗೆ ನನ್ನ ಹಿಡ್ಕೊಂಡು ಹೋಗ್ತಾರಂತೆ. ನಾನು ಅಣ್ಣನ್ನ ಕೊಂದಿಲ್ಲ."

ಬಾಗಿಲಲ್ಲಿ ನಿಂತ ಹೆಂಗಸಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದಿನ ಸಂಜೆ ಕಾಫಿ ಕೊಡಲು ಹೋದವಳಿಗೆ ಅಣ್ಣ ಓದುವ ಕೋಣೆಯಲ್ಲಿ ತಲೆಯೊಡೆದು ಬಿದ್ದಿದ್ದು ಕಂಡಿತ್ತು. ಎತ್ತಲು ಹೋಗಿ ಕೈಯೆಲ್ಲ ರಕ್ತ. ಊಟದ ಹೊತ್ತಿನಲ್ಲಿ ಅವರಿಬ್ಬರೂ ಜಗಳವಾಡಿದ್ದರು ಬೇರೆ.

ಊರವರು ಜಡ್ಜಮ್ಮ ಎಂದು ಕರೆದರೂ ಅತ್ತೆ ಯಾವ ಕಾಲಕ್ಕೂ ಜಡ್ಜ್ ಆಗಿದ್ದವರಲ್ಲ. ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಟೈಪು ಮಾಡಿ ಮಾಡಿ ನಿವೃತ್ತರಾದವರು. ಸುಳ್ಳು ಎಲ್ಲಿ ಶುರುವಾಗುತ್ತದೆಂದು ಬೆರಳಿಗೇ ಗೊತ್ತಾಗುತ್ತಿತ್ತು ಎನ್ನುತ್ತಿದ್ದರು. ಸೊಸೆ ಕಾರಿನ ಕೀ ಹುಡುಕುವಷ್ಟರಲ್ಲಿ ಅವರು ಗೇಟು ದಾಟಿಯಾಗಿತ್ತು.

"ನಿನ್ನ ಕೀ ಸಿಗೋದ್ರೊಳಗೆ ಇವಳನ್ನ ಜೈಲಿಗೆ ಹಾಕಿರ್ತಾರೆ. ನಡಿಯೇ!"

ಆ ಹೆಂಗಸಿನ ಮನೆಯ ತೋಟ ಹೆಸರಾದದ್ದು ಒಂದು ನೀಳ್ಗವಿತೆಯಿಂದ. ಬರೆದವರು ಅಣ್ಣತಂಗಿಯರ ಮುತ್ತಜ್ಜ. ಕಾಲುದಾರಿಯ ತಿರುವಿಗೊಂದು ಕಲ್ಲು, ಕಲ್ಲಿಗೊಂದು ಸಾಲು. ಕೊಳದಂಚಿನ ಬೆಂಚಿನ ಪಕ್ಕದ ಕಲ್ಲನ್ನು ಸೊಸೆ ಗಟ್ಟಿಯಾಗಿ ಓದಿದಳು:

"ಸಂಜೆಯಾಯಿತೆ? ಕೂರು. ಮನೆಯ ದೀಪ
ನೀರೊಳಗೆ ನಡುಗುತ್ತ ನಿನ್ನ ಕರೆವುದು."

ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗಾಳಿ ಬಿದಿರಿನ ಮೆಳೆಯನ್ನು ಒಂದೇ ಸಮ ಅಲುಗಿಸುತ್ತಿತ್ತು. ಕೈಗೆ ಸಿಕ್ಕ ಹರಳನ್ನು ಕೊಳಕ್ಕೆ ಎಸೆದಳು. ತಾವರೆ ಎಲೆಗಳು ಒಂದರ ಮೇಲೊಂದು ಏರಿಕೊಂಡು ದಡದಿಂದ ದಡಕ್ಕೆ ಹಬ್ಬಿದ್ದವು. ಹರಳು ತಟ್ಟೆಂದು ಎಲೆಯ ಮೇಲೆ ಬಿದ್ದು ಅಲ್ಲೇ ಕೂತಿತು.

"ಕೈ ಸುಮ್ನೆ ಇರಲ್ವಾ ನಿಂಗೆ?" ಎಂದು ಗದರಿದ ಅತ್ತೆ ಆ ಹರಳನ್ನೇ ನೋಡುತ್ತ ನಿಂತರು. ಮನೆಯ ಕಡೆಯ ದಡದಲ್ಲಿ ಮಾತ್ರ ಎರಡು ಎಲೆ ಹರಿದು ಮಗುಚಿಕೊಂಡಿದ್ದವು.

ಓದುವ ಕೋಣೆಯ ಬಾಗಿಲು ತೋಟಕ್ಕೇ ತೆರೆದಿತ್ತು. ಮೇಜಿನ ಹಾಸಿನ ಮೇಲೆ ಚೌಕನೆಯ ಕೆಂಪು ಗುರುತು, ಸುತ್ತ ಒಣಮಣ್ಣು.

"ಇಲ್ಲೇನಿತ್ತಮ್ಮ?"

"ಇಟ್ಟಿಗೆ," ಎಂದಳು ತಂಗಿ. "ಬೇಸಿಗೇಲಿ ಕೊಳ ಸೋರ್ತಿತ್ತು, ಹೂಳು ತೆಗೆಸಿದ್ವಿ. ತಳದ ಕಟ್ಟಡದ್ದೊಂದು ಕಿತ್ಕೊಂಡು ಬಂದು ಮಗು ಥರ ಇಟ್ಕೊಂಡಿದ್ದ. ಅದರ ಮೇಲೆ ಇಸವಿ ಒತ್ತಿದೆಯಂತೆ. ಈ ಕಸ ಎಲ್ಲ ಯಾಕೆ ಅಂತ್ಲೇ ನಾನು ನಿನ್ನೆ ಜಗಳ ಆಡಿದ್ದು."

ಇಟ್ಟಿಗೆ ಎಲ್ಲೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಲೇ ಎಲ್ಲರನ್ನೂ ಹಜಾರಕ್ಕೆ ಕರೆಸಿದರು. ಹಿಂದಿನ ದಿನ ಮನೆಗೆ ಬಂದಿದ್ದವರು ಇಬ್ಬರೇ. ಒಬ್ಬ, ಜಾಗ ಕೊಳ್ಳಲು ಹೊಂಚುತ್ತಿದ್ದ ಕಂಟ್ರಾಕ್ಟರು. ಇನ್ನೊಬ್ಬರು, ಈ ತೋಟ ನೋಡಿಯೇ ಆ ಕವಿತೆ ಹುಟ್ಟಿತೆಂದು ಪುಸ್ತಕ ಬರೆದು ಅಚ್ಚಿಗೆ ಕೊಟ್ಟಿದ್ದ ಪ್ರೊಫೆಸರು.

"ಕೊಡಲ್ಲ ಅಂದ್ರು, ಹೊರಗೆ ಹೋದೆ," ಎಂದ ಕಂಟ್ರಾಕ್ಟರು. "ಕಾರಲ್ಲಿ ಕೂತು ಫೋನಲ್ಲಿ ಹೆಂಡ್ತಿ ಹತ್ರ ಬೈಸ್ಕೊಳ್ತಿದ್ದೆ. ಬೇಕಾದ್ರೆ ಕೇಳಿ, ನಿಮಗೂ ಬೈತಾಳೆ."

ಪ್ರೊಫೆಸರು ಕನ್ನಡಕ ಒರೆಸಿಕೊಂಡರು. "ನಾನು ಕೊಳದ ಬೆಂಚಲ್ಲಿದ್ದೆ. ಓದೋ ಕೋಣೆ ದೀಪ ಹತ್ತಿತು. ನೀರಲ್ಲಿ ನಡುಗ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಒಳಗೆ ಇವರ ದನಿ ಜೋರಾಯ್ತು."

"ಅದು ಅವನು ಬಿದ್ದಿದ್ದು ನೋಡಿ ಕಿರುಚಿದ್ದು!" ಎಂದಳು ತಂಗಿ.

"ಪ್ರೊಫೆಸರು ಸುಳ್ಳು ಯಾಕೆ ಹೇಳ್ತಾರೆ?" ಎಂದು ಇನ್ಸ್‌ಪೆಕ್ಟರ್ ಎದ್ದರು.

"ಕೂತ್ಕೊಳಪ್ಪ," ಎಂದರು ಅತ್ತೆ. "ನೀರಲ್ಲಿ ದೀಪ ಕಾಣ್ಬೇಕಾದ್ರೆ ನೀರು ಕಾಣ್ಬೇಕು. ಕೊಳದ ತುಂಬ ಎಲೆ. ನನ್ನ ಸೊಸೆ ಕಲ್ಲೆಸೆದ್ರೆ ಮುಳುಗಲೂ ಇಲ್ಲ. ಪ್ರೊಫೆಸರು ಆ ಬೆಂಚಲ್ಲಿ ಕೂತಿರಲಿಲ್ಲ. ಪದ್ಯದಲ್ಲಿದ್ದದ್ದನ್ನ ನಮಗೆ ಹೇಳಿದ್ರು, ಅಷ್ಟೆ. ಪದ್ಯದ ಹಾಗೇ ತೋಟವೂ ಇರುತ್ತೆ ಅನ್ನೋದು ಅವರ ನಂಬಿಕೆ."

"ಮರೆವು... ಬೇರೆ ಯಾವತ್ತೋ ನೋಡಿದ್ದಿರಬಹುದು," ಎಂದರು ಪ್ರೊಫೆಸರು.

"ಇರಬಹುದು. ಆದ್ರೆ ಇಟ್ಟಿಗೆ? ಹೊಡೆದವನು ಅದನ್ನ ಒರೆಸಿ ಅಲ್ಲೇ ಬಿಡಬಹುದಿತ್ತು. ಹೊತ್ಕೊಂಡು ಹೋಗಿದ್ದು ಅದರ ಮೇಲಿದ್ದ ಇಸವಿಗಾಗಿ. ಆ ಕೋಣೆ ಬಾಗಿಲು ದಾಟಿದ್ರೆ ಕೊಳ. ಎಲೆ ಹರಿದಲ್ಲಿ ನಿಮ್ಮವರಿಗೆ ಕೈಹಾಕೋಕೆ ಹೇಳಿ."

ಪೇದೆ ತಂದಿಟ್ಟ ಇಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಟಿದ್ದ ಕೆಸರನ್ನು ಸೊಸೆ ಸೆರಗಿನಿಂದ ಒರೆಸಿದಳು. ಒತ್ತಿದ್ದ ಇಸವಿ ಓದಿದಳು.

"ಅಯ್ಯೋ, ಆಗ ಮುತ್ತಜ್ಜ ಬದುಕಿರಲೇ ಇಲ್ಲ," ಎಂದಳು ತಂಗಿ.

"ಅದೇ," ಎಂದರು ಅತ್ತೆ. "ತೋಟ ನೋಡಿ ಕವಿ ಪದ್ಯ ಬರೆದ ಅಂತ ಇವರ ಪುಸ್ತಕ. ಆದ್ರೆ ಕವಿ ಹೋದ ಮೇಲೆ ಯಾರೋ ಪದ್ಯ ಓದ್ಕೊಂಡು ಕೊಳ ತೋಡಿಸಿದ್ದಾರೆ. ಹಿಂದೆ ಎಷ್ಟೋ ತೋಟ ಹುಟ್ಟಿದ್ದು ಹಾಗೇನೆ. ನಿಮ್ಮಣ್ಣ ಅದನ್ನ ಹೊರಗೆ ಹೇಳೋನಿದ್ದ. ಅಲ್ವಾ ಪ್ರೊಫೆಸರೇ?"

ಪ್ರೊಫೆಸರು ಇಟ್ಟಿಗೆಯ ಕಡೆ ನೋಡಲಿಲ್ಲ. "ಪುಸ್ತಕ ಬರೋತನಕ ತಡೀರಿ ಅಂದೆ. ನಕ್ಕರು. ಮುತ್ತಜ್ಜನ ಮಗಳು ಮಾಡಿಸಿದ ತೋಟ ಇದು, ಅವಳ ಹೆಸರು ಬರ್ಲಿ ಬಿಡಿ ಅಂದ್ರು. ನನ್ನ ಇಡೀ ಆಯುಷ್ಯ ರೀ ಅದು... ಕೈ ಎತ್ತಿದ್ದೊಂದೇ ನೆನಪು."

ಪೇದೆಗಳು ಅವರನ್ನು ಕರೆದೊಯ್ದರು. ಕಂಟ್ರಾಕ್ಟರು ಯಾರಿಗೂ ಹೇಳದೆ ಜಾರಿಕೊಂಡ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು.

"ನಿಮ್ಮ ಮೇಲೆ ಇನ್ನೇನೂ ಇಲ್ಲಮ್ಮ. ತಪ್ಪು ತಿಳ್ಕೋಬೇಡಿ."

ತಂಗಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅಣ್ಣನ್ನ ಯಾವಾಗ ಮನೆಗೆ ಕಳಿಸ್ತೀರಿ?" ಎಂದು ಕೇಳಿದಳು. "ಹೊರಗಡೆ ಅವನಿಗೆ ನಿದ್ದೆ ಬರಲ್ಲ."