ಬೆನ್ನಿಗೆ ಬಿದ್ದ ಗುದ್ದು

ತಾಂಡೂರಿನಲ್ಲಿ ವಿಡಿಯೋ ಕಾಲ್ ಸಾಮಾನು ಬಾಡಿಗೆಗೆ ಕೊಡುವವನು ನಾನು. ದೆವ್ವಗಿವ್ವ ನಂಬುವುದಿಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಂಗ್ಟಿ ಊರಿನಲ್ಲಿ ನಮ್ಮ ಓಣಿಯ ಬಾಲಮಣಿಯಕ್ಕನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮನೆಯವರೆಲ್ಲ ಹೋಗಿದ್ದರು, ಕಾಲು ಮುರಿದುಕೊಂಡ ಅಕ್ಕ ಮಾತ್ರ ಇಲ್ಲೇ ಉಳಿದಿದ್ದಳು. ಆದರೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳಿದೊಡನೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು.

ವಿಡಿಯೋ ಕಾಲ್‌ಗೆಂದು ಅಕ್ಕನ ಎದುರು ನನ್ನ ಹೊಸ ಕ್ಯಾಮೆರಾ ಇಟ್ಟೆ. ಅದು ಎದುರಿನ ಮುಖಗಳನ್ನು ತಾನೇ ಎಣಿಸಿ, ಎಲ್ಲರೂ ಹಿಡಿಸುವಷ್ಟು ಚಿತ್ರವನ್ನು ಅಗಲ ಮಾಡುತ್ತದೆ. ಪರದೆಯ ಮೂಲೆಯಲ್ಲಿ ‘1’ ಎಂದಿತ್ತು.

“ಗುದ್ದೋರೇ ಇಲ್ಲ, ಇದೆಂಥ ಹೆಸರಿಡೋದ್ರಿ?” ಅಕ್ಕನ ಕಣ್ಣು ತುಂಬಿತು.

ಕಂಗ್ಟಿಯವರು ಫೋನನ್ನು ಕೂಸಿನ ಕಿವಿಗೆ ಹಿಡಿದರು.

“ಕುರ್ರ್... ಶ್ರುತಿ!” ಎಂದಳು ಅಕ್ಕ.

ಧಪ್ ಎಂದಿತು. ಅಕ್ಕ ಮುಂದಕ್ಕೆ ಬಾಗಿದಳು. ಮತ್ತೆ ಧಪ್, ಧಪ್. ಮುಚ್ಚಿದ ಕೋಣೆಯಲ್ಲಿ ಬಳೆಗಳ ಸದ್ದು, ತೊಟ್ಟಿಲ ದಿನ ಹಂಚುವ ಬಿಸಿ ಗುಗ್ಗರಿಯ ವಾಸನೆ. ಚಿತ್ರ ಅಗಲವಾಗುತ್ತಲೇ ಹೋಯಿತು. ನಡುವೆ ಅಕ್ಕ, ಎರಡೂ ಬದಿಗೆ ಖಾಲಿ ಗೋಡೆ.

“ಸಾವಕಾಶ ಗುದ್ದ್ರೇ, ಬೆನ್ನು ಮುರೀತದ!” ಅಕ್ಕ ಬಿದ್ದುಬಿದ್ದು ನಗುತ್ತಿದ್ದಳು. ಕಂಗ್ಟಿಯವರೂ ನಕ್ಕರು. ಖಾಲಿ ಗೋಡೆಯಿಂದ ಕಣ್ಣು ತೆಗೆಯದೆ ನಾನೂ ನಕ್ಕೆ.

ಕಾಲ್ ಮುಗಿಯಿತು, ಕ್ಯಾಮೆರಾ ಇನ್ನೂ ಚಾಲೂ ಇತ್ತು. ಅಕ್ಕ ಬೆನ್ನು ನೀವಿಕೊಳ್ಳುತ್ತ, “ಎಷ್ಟು ಮಂದಿ ಬಂದಿದ್ರು, ನೋಡಿದ್ರೇನ್ರಿ?” ಎಂದಳು.

ಪರದೆ ನೋಡಿದೆ. ‘6’ ಇತ್ತು. ನೋಡುತ್ತಿದ್ದಂತೆ ‘5’ ಆಯಿತು, ‘4’ ಆಯಿತು. ಚಿತ್ರ ಕಿರಿದಾಗುತ್ತ ಬಂದು ‘2’ಕ್ಕೆ ನಿಂತುಬಿಟ್ಟಿತು.

ನಾನು ಕ್ಯಾಮೆರಾದ ಹಿಂದಿದ್ದೆ.