ಅಜ್ಜಿ ಹೇಳಿಕೊಟ್ಟ ಉತ್ತರ

“ಇನ್ನೊಂದ್ಸಲ ಹೇಳವಾ. ಊಟ ಹೆಂಗೈತೆ ಅಂತ ಮೇಡಂ ಕೇಳಿದ್ರೆ?”

“ತುಂಬಾ ಚೆನ್ನಾಗಿದೆ ಮೇಡಂ.”

“ಕೈ ಕಟ್ಟು. ತಲೆ ಬಗ್ಗಿಸು. ಹ್ಞಾಂ! ನನ್ನ ಬಂಗಾರ!”

ನಾಗಸಂದ್ರದ ಆ ಫ್ಲ್ಯಾಟಿನಲ್ಲಿ ಬೆಳಗಿನಿಂದಲೇ ತಾಲೀಮು ನಡೆದಿತ್ತು. ಗಂಡಿನ ಕಡೆಯವರು ಹೆಣ್ಣು ನೋಡಲು ಬರುತ್ತಾರೇನೋ ಎಂಬಂತೆ ಶಿವಲಿಂಗಮ್ಮನವರು ಎಂಟು ವರ್ಷದ ದಿವ್ಯಾಳಿಗೆ ಎರಡು ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ದಾವಣಗೆರೆಯಲ್ಲಿ ಮೂರು ಹೆಣ್ಣುಮಕ್ಕಳನ್ನು ಹೀಗೇ ತೋರಿಸಿ ದಡ ಸೇರಿಸಿದ ಕೈ ಅದು. ಬೇಡವೆನ್ನುವ ಧೈರ್ಯ ಯಾರಿಗಿದೆ? ‘ಯಾರ ಮಗುವೋ ಏನೋ’ ಎಂದು ಮೊದಲ ತಿಂಗಳೆಲ್ಲ ಮೂತಿ ತಿರುಗಿಸಿದವರೂ ಇದೇ ಶಿವಲಿಂಗಮ್ಮನವರೇ, ಅದು ಬೇರೆ ಮಾತು!

ಸೊಸೆ ಶೈಲಜಾ ಮಾತ್ರ ವಿಚಾರಣೆಯ ಕಾಗದಗಳನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದಳು. ದಿವ್ಯಾ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗು. ಚಿಕ್ಕಪ್ಪನ ಮನೆಯಲ್ಲಿ ಬೆಲ್ಟಿನ ಏಟು ತಿನ್ನುತ್ತಿದ್ದಳು. ನೆರೆಯವರು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದರಿಂದ ಉಳಿದಳು. ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ಸದ್ಯಕ್ಕೆಂದು ಇವರಲ್ಲಿ ಬಿಟ್ಟು ವರ್ಷವಾಗುತ್ತ ಬಂದಿತ್ತು. ಇವತ್ತು ಕೊನೆಯ ವಿಚಾರಣೆ. ಒಪ್ಪಿದರೆ ಹದಿನೆಂಟು ತುಂಬುವವರೆಗೂ ಇಲ್ಲೇ. ಇಲ್ಲದಿದ್ದರೆ ಸರ್ಕಾರಿ ಬಾಲಮಂದಿರ. ಹೆತ್ತವಳಲ್ಲ, ದತ್ತು ಪಡೆದವಳೂ ಅಲ್ಲ... ಕೊಡಲಾರೆ ಎನ್ನಲು ತನಗೆ ಯಾವ ಹಕ್ಕಿದೆ? ಗಂಡ ಈರೇಶ್ ಕಾರು ತೆಗೆಯುವಷ್ಟರಲ್ಲಿ ಅವಳು ಮೂರು ಸಲ ಕಣ್ಣೊರೆಸಿಕೊಂಡಿದ್ದಳು.

ಸಮಿತಿಯ ಕಚೇರಿಯಲ್ಲಿ ಅಧ್ಯಕ್ಷೆ ಪ್ರಭಾ ಮೇಡಂ ಮಗುವನ್ನು ಹತ್ತಿರ ಕೂರಿಸಿಕೊಂಡರು.

“ಊಟ ಹೇಗಿದೆ ಪುಟ್ಟಾ?”

“ತುಂಬಾ ಚೆನ್ನಾಗಿದೆ ಮೇಡಂ.”

“ಮನೇಲಿ ಯಾರಾದ್ರೂ ಬೈತಾರಾ?”

“ಇಲ್ಲ ಮೇಡಂ. ಎಲ್ಲರೂ ಪ್ರೀತಿಯಿಂದ ನೋಡ್ಕೋತಾರೆ ಮೇಡಂ.”

ಶಿವಲಿಂಗಮ್ಮನವರು ಹೆಮ್ಮೆಯಿಂದ ಬೀಗಿದರು. ಪ್ರಭಾ ಮೇಡಂ ಮುಖ ಮಾತ್ರ ಸಪ್ಪಗಾಯಿತು. ಅವರು ಕನ್ನಡಕ ತೆಗೆದು ಶೈಲಜಾಳತ್ತ ನೋಡಿದರು.

“ಚಿಕ್ಕಪ್ಪನ ಮನೇಲಿದ್ದಾಗ ಇವಳನ್ನ ಮೊದಲು ಕೇಳಿದ್ದೂ ನಾನೇ ಕಣಮ್ಮ. ಆಗಲೂ ಇದೇ ಮಾತು, ಹೀಗೇ ಕೈ ಕಟ್ಕೊಂಡು. ಬೆನ್ನ ತುಂಬ ಬಾಸುಂಡೆ ಇತ್ತು... ಈ ಉತ್ತರ ಇವಳಿಗೆ ಯಾರು ಹೇಳಿಕೊಟ್ರು?”

ಶೈಲಜಾ ಅತ್ತೆಯ ಕಡೆ ತಿರುಗಿ ನೋಡಿದಳು. ಅಯ್ಯೋ, ನಮ್ಮ ಕೈಯಾರೆ ನಾವೇ ಮಗುವನ್ನು ಕಳೆದುಕೊಂಡೆವಲ್ಲಾ!

“ನಾನೇ ತಾಯೀ, ನಾನೇ!” ಶಿವಲಿಂಗಮ್ಮನವರು ಎದ್ದು ನಿಂತರು. “ಮಗು ಮರ್ಯಾದಸ್ತೆ ಅಂತ ಕಾಣ್ಲಿ ಅಂತ ಹೇಳಿಕೊಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇವಳು ಇಷ್ಟು ಸಾಧು ಅಂದ್ಕೋಬ್ಯಾಡ್ರಿ. ಮನೆಯಾಗೆ ಇವಳ ಬಾಯಿ ಬೊಂಬಾಯಿ! ನಿನ್ನೆ ಚೌಕಾಬಾರದಾಗೆ ಸೋತು ಕವಡೆ ಎಸೆದು ಎದ್ದು ಹೋದ್ಲು!”

“ನಾನು ಸೋತಿಲ್ಲ!” ಕಟ್ಟಿದ ಕೈ ಬಿಚ್ಚಿಕೊಂಡಿತು. “ಅಜ್ಜಿ ಕಳ್ಳಾಟ ಆಡಿದ್ರು ಮೇಡಂ! ಕವಡೇನ ಬೆರಳಲ್ಲಿ ಮಗುಚಿ ಎಂಟು ಬಿತ್ತು ಅಂದ್ರು! ನನ್ನ ಕಾಯಿ ಇನ್ನೇನು ಹಣ್ಣಾಗ್ತಿತ್ತು!”

“ಎಲಾ ಇವಳ! ನೀನು ಹುಟ್ಟೋಕೆ ಮುಂಚಿಂದ ಆಡ್ತಿರೋಳಿಗೆ ಕಳ್ಳಿ ಅಂತೀಯಾ?” ಅಜ್ಜಿ ಸಿಟ್ಟಿನಲ್ಲಿ ಕೈ ಎತ್ತಿಯೇಬಿಟ್ಟರು.

ಶೈಲಜಾ ಗಾಬರಿಯಿಂದ ಎದ್ದಳು. ದಿವ್ಯಾ ಮಾತ್ರ ಎತ್ತಿದ ಆ ಕೈಯನ್ನೇ ಗಪ್ಪನೆ ಹಿಡಿದು, ಬೆರಳು ಬಿಡಿಸಿ ತೋರಿಸಿದಳು. “ನೋಡಿ ಮೇಡಂ, ಇದೇ ಬೆರಳು!”

ಪ್ರಭಾ ಮೇಡಂ ನಕ್ಕರು, ನಗುತ್ತಲೇ ಅವರ ಕಣ್ಣು ತುಂಬಿತು. “ಅವತ್ತು ನಾನು ಪೆನ್ನು ಎತ್ತಿದ್ರೂ ತಲೆ ಮುಚ್ಕೋತಿದ್ಲು ಈ ಹುಡುಗಿ... ಇನ್ನು ಕೇಳೋದೇನೂ ಇಲ್ಲ ಕಣಮ್ಮ, ಮಗೂನ ಮನೆಗೆ ಕರ್ಕೊಂಡು ಹೋಗು. ವರ್ಷಕ್ಕೊಂದ್ಸಲ ಬಂದು ನೋಡ್ತೀವಿ, ಹದಿನೆಂಟಾಗೋವರೆಗೆ.”

ಶೈಲಜಾ ಮಗುವನ್ನು ಬಾಚಿ ತಬ್ಬಿಕೊಂಡು ಗಳಗಳನೆ ಅತ್ತಳು. ಈರೇಶ್ ಗೋಡೆ ಕಡೆ ತಿರುಗಿ ಮೂಗೊರೆಸಿಕೊಂಡ.

“ಹದಿನೆಂಟಾದ ಮ್ಯಾಲೆ?” ಶಿವಲಿಂಗಮ್ಮನವರು ಮೇಜಿನ ಹತ್ತಿರ ಬಂದು ಕೇಳಿದರು.

“ಆಮೇಲೆ ನಮ್ಮ ಅಧಿಕಾರ ಇಲ್ಲ ಅಜ್ಜಿ. ಅವಳಿಷ್ಟ.”

ದಿವ್ಯಾ ಶೈಲಜಾಳ ಹೆಗಲ ಮೇಲಿಂದಲೇ ಮುಖ ಎತ್ತಿದಳು. “ಅಜ್ಜೀನ ಸೋಲ್ಸೋವರೆಗೂ ನಾನು ಹೋಗಲ್ಲ!”

ಶಿವಲಿಂಗಮ್ಮನವರು ಸೆರಗಿನಿಂದ ಕಣ್ಣೊತ್ತಿಕೊಂಡರು.

“ಹಂಗಾದ್ರೆ ಜನ್ಮದಾಗೆ ನಿನ್ನ ಗೆಲ್ಲಾಕೆ ಬಿಡಲ್ಲ, ತಿಳ್ಕಾ!”